ಓದುಗರನ್ನು ಹುಡುಕಿ ಹೊರಟವರು

ಪುಸ್ತಕ ಹುಟ್ಟುವುದಕ್ಕೆ ಬರೆಯುವವನೊಬ್ಬನು ಸಾಕು. ಅದು ಬದುಕುವುದಕ್ಕೆ ಓದುವವರು ಹಲವರು ಬೇಕು. ಬರೆದವರ ಕಥೆಯನ್ನು ನಮ್ಮ ಸಾಹಿತ್ಯ ಚರಿತ್ರೆಗಳು ವಿಸ್ತಾರವಾಗಿ ಹೇಳುತ್ತವೆ. ಓದಿದವರ ಕಥೆಗೆ ಅವುಗಳಲ್ಲಿ ಅಷ್ಟು ಸ್ಥಳವಿಲ್ಲ. ಓದುಗರು ಹೇಗೋ ಎಲ್ಲಿಯೋ ತಾವಾಗಿಯೇ ಇರುತ್ತಾರೆ ಎಂಬ ಭಾವನೆ ಇದಕ್ಕೆ ಕಾರಣವಾಗಿರಬಹುದು. ಆದರೆ ಉತ್ತರ ಕರ್ನಾಟಕದಲ್ಲಿ ಒಂದು ಕಾಲಕ್ಕೆ ಕನ್ನಡ ಪುಸ್ತಕದ ಓದುಗರು ತಾವಾಗಿಯೇ ಇರಲಿಲ್ಲ. ಅವರನ್ನು ಊರೂರು ತಿರುಗಿ ಹುಡುಕಿ ಒಂದುಗೂಡಿಸಬೇಕಾಗಿತ್ತು.

ಹತ್ತೊಂಬತ್ತನೆಯ ಶತಮಾನದಲ್ಲಿ ಕನ್ನಡ ನಾಡು ಹಲವು ಆಡಳಿತಗಳಲ್ಲಿ ಹರಿದು ಹಂಚಿಹೋಗಿತ್ತು. ಮೈಸೂರು ಸೀಮೆಯಲ್ಲಿ ಅರಸರ ಆಶ್ರಯವಾದರೂ ಇತ್ತು. ಧಾರವಾಡ, ಬೆಳಗಾವಿ, ವಿಜಾಪುರ ಜಿಲ್ಲೆಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಅಲ್ಲಿ ಬಹುಕಾಲ ಶಾಲೆ ಕಚೇರಿಗಳಲ್ಲಿ ಮರಾಠಿಯ ಪ್ರಾಬಲ್ಯವಿತ್ತು. ಮನೆಯಲ್ಲಿ ಕನ್ನಡ ಮಾತಾಡುವವರೂ ಓದು ಬರಹಕ್ಕೆ ಮರಾಠಿಯನ್ನೇ ಹಿಡಿಯುತ್ತಿದ್ದರು. ಹೆಚ್ಚು ಕಲಿತವರು ಇಂಗ್ಲಿಷಿನತ್ತ ಹೊರಳುತ್ತಿದ್ದರು. ಈ ಸ್ಥಿತಿಯನ್ನು ಕಂಡು ಮರುಗಿದ ರಾ. ಹ. ದೇಶಪಾಂಡೆಯವರೂ ಅವರ ಸಂಗಡಿಗರೂ 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಸ್ಥಾಪಿಸಿದರು. ಕನ್ನಡದಲ್ಲಿ ಗ್ರಂಥಗಳನ್ನು ಬರೆದವರಿಗೆ ಸಂಘವು ಬಹುಮಾನ ಕೊಡುತ್ತಿತ್ತು. ಇದರಿಂದ ಬರೆಯುವವರಿಗೆ ಉತ್ಸಾಹ ಬಂದುದು ನಿಜ. ಆದರೆ ಬಹುಮಾನ ಪಡೆದ ಪುಸ್ತಕವನ್ನು ಹಳ್ಳಿಯ ಮನೆಯ ಬಾಗಿಲಿಗೆ ಒಯ್ಯುವವರು ಯಾರು?

ಆ ಕೆಲಸಕ್ಕೆ ಹೊರಟವರು ಗಳಗನಾಥರು. ಅವರ ನಿಜವಾದ ಹೆಸರು ವೆಂಕಟೇಶ ತಿರಕೊ ಕುಲಕರ್ಣಿ. 1869ರಲ್ಲಿ ಅವರು ಹುಟ್ಟಿದ ಗಳಗನಾಥ ಎಂಬ ಊರು ಇಂದಿನ ಹಾವೇರಿ ಜಿಲ್ಲೆಯಲ್ಲಿ ತುಂಗಭದ್ರೆಯ ದಡದಲ್ಲಿದೆ. ತಮ್ಮೂರಿನ ಹೆಸರನ್ನೇ ಅವರು ಕಾವ್ಯನಾಮವಾಗಿ ಇಟ್ಟುಕೊಂಡರು. ವೃತ್ತಿಯಿಂದ ಅವರು ಕನ್ನಡ ಶಾಲೆಯ ಮಾಸ್ತರರು. 1898ರಲ್ಲಿ ಅವರ 'ಪ್ರಬುದ್ಧ ಪದ್ಮನಯನೆ' ಎಂಬ ಕಾದಂಬರಿಗೆ ವಿದ್ಯಾವರ್ಧಕ ಸಂಘದ ಬಹುಮಾನ ದೊರೆಯಿತು. ಅಲ್ಲಿಂದ ಮುಂದೆ ಅವರ ಲೇಖನಿ ನಿಲ್ಲಲಿಲ್ಲ.

ಹಾವೇರಿಯ ಸಮೀಪದ ಅಗಡಿಯಲ್ಲಿ ಶೇಷಾಚಲ ಸದ್ಗುರುಗಳ ಆನಂದವನವೆಂಬ ಆಶ್ರಮವಿದೆ. ಅಲ್ಲಿಂದ 1907ರಲ್ಲಿ 'ಸದ್ಬೋಧ ಚಂದ್ರಿಕೆ' ಎಂಬ ಮಾಸಪತ್ರಿಕೆ ಹೊರಡತೊಡಗಿತು. ಗಳಗನಾಥರು ಅದರ ಸಂಪಾದಕತ್ವವನ್ನು ವಹಿಸಿ ತಮ್ಮ ಕಾದಂಬರಿಗಳನ್ನು ಅದರಲ್ಲಿ ಕಂತು ಕಂತಾಗಿ ಪ್ರಕಟಿಸಿದರು. ಒಂದು ತಿಂಗಳ ಕಥಾಭಾಗವನ್ನು ಓದಿ ಮುಗಿಸಿದವನು ಮುಂದೇನಾಯಿತೆಂದು ತಿಳಿಯುವುದಕ್ಕೆ ಮರುತಿಂಗಳ ಟಪಾಲನ್ನು ಕಾಯಬೇಕು. ಕಾಯುವ ಚಟ ಹತ್ತಿದವನು ಚಂದಾ ನಿಲ್ಲಿಸುವುದಿಲ್ಲ. ಅಕ್ಷರ ಬಲ್ಲವರು ವಿರಳವಾಗಿದ್ದ ಆ ಕಾಲದಲ್ಲಿ ಒಬ್ಬನು ಗಟ್ಟಿಯಾಗಿ ಓದಿದರೆ ಮನೆಮಂದಿ, ನೆರೆಹೊರೆಯವರು ಕುಳಿತು ಕೇಳುವುದು ವಾಡಿಕೆಯಾಗಿತ್ತು. ಜೈಮಿನಿ ಭಾರತವನ್ನೂ ಪುರಾಣಗಳನ್ನೂ ಕೇಳಿ ಪಳಗಿದ ಕಿವಿಗಳಿಗೆ ಗದ್ಯದ ಕಥೆಯೂ ಹೀಗೆಯೇ ಪರಿಚಯವಾಯಿತು. ಆದುದರಿಂದ ಪತ್ರಿಕೆಯ ಓದುಗರನ್ನು ಲೆಕ್ಕ ಹಾಕುವಾಗ ಚಂದಾದಾರರ ಪಟ್ಟಿಯೊಂದನ್ನೇ ನೋಡಿದರೆ ಸಾಲದು. ಆ ಪಟ್ಟಿಯ ಒಂದೊಂದು ಹೆಸರಿನ ಹಿಂದೆಯೂ ಒಂದು ಚಿಕ್ಕ ಸಭೆಯಿತ್ತು.

ಗಳಗನಾಥರ ಕಾದಂಬರಿಗಳಲ್ಲಿ ಹಲವು ಮರಾಠಿಯ ಹರಿನಾರಾಯಣ ಆಪಟೆಯವರ ಕೃತಿಗಳನ್ನು ಅನುಸರಿಸಿದವು. ಇದನ್ನೇ ಒಂದು ಕೊರತೆಯೆಂದು ಎತ್ತಿ ಹೇಳುವವರುಂಟು. ಆದರೆ ಮರಾಠಿಯ ಕಥೆಗಳಿಗೆ ಮನಸೋತ ಕನ್ನಡಿಗರನ್ನು ಕನ್ನಡಕ್ಕೆ ಮರಳಿ ಕರೆಯಬೇಕಾದರೆ, ಅಷ್ಟೇ ರುಚಿಯಾದ ಕಥೆ ಕನ್ನಡದಲ್ಲಿಯೂ ಉಂಟೆಂದು ತೋರಿಸಬೇಕಾಗಿತ್ತು. ಅದನ್ನು ಅವರು ತೋರಿಸಿದರು. ವಿಜಯನಗರದ ಪತನವನ್ನು ಕುರಿತ 'ಕನ್ನಡಿಗರ ಕರ್ಮಕಥೆ' ಆಪಟೆಯವರ ಆಧಾರದಿಂದಲೇ ಬಂದರೂ ಅದನ್ನು ಓದಿದವರು ಅದು ತಮ್ಮ ಮನೆಯ ದುಃಖವೆಂದೇ ಓದಿದರು. ವಿದ್ಯಾರಣ್ಯರನ್ನೂ ವಿಜಯನಗರದ ಸ್ಥಾಪನೆಯನ್ನೂ ಕುರಿತ 'ಮಾಧವ ಕರುಣಾವಿಲಾಸ' 1923ರಲ್ಲಿ ಬಂದಿತು. ಅದು ಅವರ ಸ್ವತಂತ್ರ ಕೃತಿ.

ಪುಸ್ತಕವನ್ನು ಬರೆದು ಅಚ್ಚು ಹಾಕಿಸಿದರೆ ಲೇಖಕನ ಕೆಲಸ ಮುಗಿಯಿತೆಂದು ಗಳಗನಾಥರು ತಿಳಿಯಲಿಲ್ಲ. ಪುಸ್ತಕದ ಗಂಟನ್ನು ತಲೆಯ ಮೇಲೆ ಹೊತ್ತು ಅವರು ಊರಿಂದೂರಿಗೆ ನಡೆದರು. ಬಿಸಿಲೆನ್ನದೆ ಕೆಸರೆನ್ನದೆ ತಿರುಗಿ ಮನೆಮನೆಗೆ ಪುಸ್ತಕ ಮುಟ್ಟಿಸಿದರು. ಕಾದಂಬರಿಕಾರನು ತಾನು ಕಲ್ಪಿಸಿದ ಅರಮನೆ ರಾಜಬೀದಿಗಳನ್ನು ತಲೆಯ ಮೇಲೆ ಹೊತ್ತು ಹಳ್ಳಿಯ ಓಣಿಗಳಲ್ಲಿ ಅಲೆದ ಈ ಚಿತ್ರ ಕನ್ನಡಿಗರ ಮನಸ್ಸಿನಲ್ಲಿ ಇಂದಿಗೂ ಉಳಿದಿದೆ. ಇಷ್ಟೆಲ್ಲ ದುಡಿದರೂ ಅವರಿಗೆ ಸಿರಿ ಬರಲಿಲ್ಲ. ಸಾವಿರಾರು ಮಂದಿಗೆ ಓದಿನ ರುಚಿ ಹತ್ತಿಸಿದ ಆ ಹಿರಿಯರು 1942ರಲ್ಲಿ ತೀರಿಕೊಳ್ಳುವವರೆಗೂ ಬಡತನದಲ್ಲಿಯೇ ಬಾಳಿದರು. ಓದುಗರ ಪ್ರೀತಿ ಬರಹಗಾರನ ಹೊಟ್ಟೆಯನ್ನು ತುಂಬಿಸಲಾರದೆ ಹೋಯಿತು ಎಂಬುದು ಈ ಕಥೆಯಲ್ಲಿ ಮುಚ್ಚಿಡಬಾರದ ಮಾತು.

ಗಳಗನಾಥರು ಒಬ್ಬಂಟಿಯಾಗಿ ನಡೆದ ದಾರಿಯಲ್ಲಿ ಮುಂದಿನ ತಲೆಮಾರಿನವರು ಗುಂಪಾಗಿ ನಡೆದರು. 1922ರಲ್ಲಿ ಧಾರವಾಡದಲ್ಲಿ ಕೆಲವು ತರುಣರು ಸೇರಿ ಕಟ್ಟಿಕೊಂಡ ಕೂಟಕ್ಕೆ 'ಗೆಳೆಯರ ಗುಂಪು' ಎಂದೇ ಹೆಸರಾಯಿತು. ಅದರ ಕೇಂದ್ರದಲ್ಲಿದ್ದವರು ದತ್ತಾತ್ರೇಯ ರಾಮಚಂದ್ರ ಬೇಂದ್ರೆಯವರು. ಶಂ. ಬಾ. ಜೋಶಿ, ಬೆಟಗೇರಿ ಕೃಷ್ಣಶರ್ಮ, ರಂ. ಶ್ರೀ. ಮುಗಳಿ, ವಿ. ಕೃ. ಗೋಕಾಕ, ಮಧುರಚೆನ್ನ ಮೊದಲಾದವರು ಒಬ್ಬೊಬ್ಬರಾಗಿ ಈ ಬಳಗಕ್ಕೆ ಬಂದರು. ಬರೆದುದನ್ನು ಒಬ್ಬರಿಗೊಬ್ಬರು ಓದಿ ತೋರಿಸುವುದು, ಮೆಚ್ಚುವುದು, ಒಪ್ಪಿಗೆಯಾಗದಿದ್ದರೆ ಜಗಳವಾಡುವುದು ಅವರ ನಿತ್ಯದ ವ್ಯವಸಾಯವಾಯಿತು. ಹೊಸ ಬಗೆಯ ಕವಿತೆ ಕನ್ನಡದಲ್ಲಿ ಆಗ ತಾನೇ ಕಣ್ಣು ತೆರೆಯುತ್ತಿತ್ತು. ಅಂಥ ಕವಿತೆಗೆ ಮೊದಲ ಕಿವಿ ಬೇಕಾಗಿತ್ತು. ಅಚ್ಚಿಗೆ ಹೋಗುವ ಮೊದಲೇ ಹಿತವನ್ನೂ ಕಟುವನ್ನೂ ಹೇಳಬಲ್ಲ ಹತ್ತು ಮಂದಿ ಕವಿಗೆ ದೊರೆತರೆ, ಅದು ನೂರು ಪ್ರಶಸ್ತಿಪತ್ರಗಳಿಗಿಂತ ಹೆಚ್ಚಿನ ಭಾಗ್ಯ.

ಗೋಕಾಕರ ಪ್ರಸಂಗವನ್ನು ನೋಡಬಹುದು. ಕಾಲೇಜು ವಿದ್ಯಾರ್ಥಿಯಾಗಿದ್ದಾಗ ಅವರು ಕವಿತೆ ಬರೆಯುತ್ತಿದ್ದುದು ಇಂಗ್ಲಿಷಿನಲ್ಲಿ. ಬೇಂದ್ರೆಯವರ ಸಹವಾಸ ಅವರನ್ನು ಕನ್ನಡಕ್ಕೆ ತಂದಿತು. ಧಾರವಾಡದಲ್ಲಿ ಕನ್ನಡದ ಕೇಳುಗರ ಬಳಗ ಇಲ್ಲದಿದ್ದರೆ ಅವರು ಬೇರೆ ದಾರಿಯನ್ನೇ ಹಿಡಿಯುತ್ತಿದ್ದರೋ ಏನೋ.

ಈ ಗುಂಪಿನ ಬೇರುಗಳು ಪಟ್ಟಣದಲ್ಲಿ ಮಾತ್ರ ಇರಲಿಲ್ಲ. ವಿಜಾಪುರ ಜಿಲ್ಲೆಯ ಹಲಸಂಗಿ ಒಂದು ಸಣ್ಣ ಹಳ್ಳಿ. ಅಲ್ಲಿ ಮಧುರಚೆನ್ನರು, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಎಂಬ ಗೆಳೆಯರು ಸೇರಿದ್ದರು. ಮಧುರಚೆನ್ನರ ಶಾಲೆಯ ಓದು ಮುಲ್ಕಿ ಪರೀಕ್ಷೆಗೇ ಮುಗಿದಿತ್ತು. ಉಳಿದುದನ್ನೆಲ್ಲ ಅವರು ಸ್ವಂತ ಓದಿನಿಂದ ಗಳಿಸಿದರು. ಈ ಗೆಳೆಯರು ಪುಸ್ತಕಗಳನ್ನು ಓದಿದ ಹಾಗೆಯೇ, ಅಕ್ಷರ ಕಲಿಯದ ಹೆಣ್ಣುಮಕ್ಕಳು ಬೀಸುವಾಗ ಕುಟ್ಟುವಾಗ ಹಾಡುತ್ತಿದ್ದ ತ್ರಿಪದಿಗಳಿಗೂ ಕಿವಿಗೊಟ್ಟು ಬರೆದುಕೊಂಡರು. 1931ರಲ್ಲಿ ಅವು 'ಗರತಿಯ ಹಾಡು' ಎಂಬ ಸಂಕಲನವಾಗಿ ಬಂದವು. ಓದಲು ಬಾರದವರ ಹಾಡನ್ನು ಓದುಬಲ್ಲವರೆಲ್ಲರೂ ಓದುವಂತಾಯಿತು.

ಮರುವರ್ಷ, ಎಂದರೆ 1932ರಲ್ಲಿ, ಬೇಂದ್ರೆಯವರ 'ಗರಿ' ಕವನಸಂಕಲನ ಪ್ರಕಟವಾಯಿತು. ಅದರಲ್ಲಿದ್ದ 'ನರಬಲಿ' ಎಂಬ ಕವನ ರಾಜದ್ರೋಹದ ಬರಹವೆಂದು ಬ್ರಿಟಿಷ್ ಸರ್ಕಾರಕ್ಕೆ ಕಂಡಿತು. ಕವಿಗೆ ಹಿಂಡಲಗಿಯ ಸೆರೆಮನೆವಾಸವಾಯಿತು. ಅದು ಮುಗಿದ ಮೇಲೆ ಮುಗದ ಎಂಬ ಹಳ್ಳಿಯಲ್ಲಿ ನಿರ್ಬಂಧದಲ್ಲಿರಬೇಕಾಯಿತು. ಇದ್ದ ಮಾಸ್ತರಿಕೆಯೂ ಹೋಯಿತು. ಮುಂದೆ ಅನೇಕ ವರ್ಷಗಳ ಕಾಲ ಅವರಿಗೆ ನೆಲೆಯಾದ ಕೆಲಸ ದೊರೆಯಲಿಲ್ಲ. 1944ರಲ್ಲಿ ಸೊಲ್ಲಾಪುರದ ಕಾಲೇಜಿನಲ್ಲಿ ಅಧ್ಯಾಪಕರಾಗುವವರೆಗೆ ಅವರ ಸಂಸಾರ ಕಷ್ಟದಲ್ಲಿಯೇ ನಡೆಯಿತು. ಸರ್ಕಾರ ಕವಿಯ ಕೆಲಸವನ್ನು ಕಸಿದುಕೊಳ್ಳಬಲ್ಲುದಾಗಿತ್ತು. ಅವರ ಕವಿತೆಯನ್ನು ಬಾಯಿಪಾಠ ಮಾಡಿದ್ದವರಿಂದ ಕವಿತೆಯನ್ನು ಕಸಿಯುವುದು ಅದಕ್ಕೆ ಸಾಧ್ಯವಾಗಲಿಲ್ಲ.

ಇಂತಹ ದಿನಗಳಲ್ಲಿಯೇ, 1933ರಲ್ಲಿ, ಗುಂಪಿನ ಗೆಳೆಯರಲ್ಲೊಬ್ಬರಾದ ಗೋವಿಂದ ಭೀಮಾಚಾರ್ಯ ಜೋಶಿಯವರು ಧಾರವಾಡದಲ್ಲಿ 'ಮನೋಹರ ಗ್ರಂಥಮಾಲೆ'ಯನ್ನು ಆರಂಭಿಸಿದರು. ಅವರು ಗದಗಿನ ಹತ್ತಿರದ ಹೊಂಬಳದವರು, 'ಜಡಭರತ' ಎಂಬ ಹೆಸರಿನಿಂದ ನಾಟಕಗಳನ್ನು ಬರೆದವರು, ಊರಿನವರಿಗೆಲ್ಲ 'ಜಿ.ಬಿ.' ಎಂದೇ ಪರಿಚಿತರು. ಬೇಂದ್ರೆಯವರ ಮಾರ್ಗದರ್ಶನ ಅವರಿಗಿತ್ತು, ಕೈಯಲ್ಲಿ ಬಂಡವಾಳ ಮಾತ್ರ ಇರಲಿಲ್ಲ.

ಬಂಡವಾಳವಿಲ್ಲದ ಪ್ರಕಾಶಕನು ಪುಸ್ತಕವನ್ನು ಹೇಗೆ ಹೊರತರಬೇಕು? ಕಾಗದದ ಬೆಲೆ, ಅಚ್ಚಿನ ಕೂಲಿ, ರಟ್ಟು ಕಟ್ಟಿಸುವ ವೆಚ್ಚ ಎಲ್ಲವನ್ನೂ ಮೊದಲೇ ಕೊಡಬೇಕು. ಪುಸ್ತಕ ಮಾರಾಟವಾಗಿ ಹಣ ಮರಳುವುದಕ್ಕೆ ವರ್ಷಗಳೇ ಹಿಡಿಯಬಹುದು. ಅಷ್ಟರಲ್ಲಿ ಸಾಲ ಬೆಳೆಯುತ್ತದೆ, ಎರಡನೆಯ ಪುಸ್ತಕ ಹೊರಡುವುದೇ ಇಲ್ಲ. ಇದಕ್ಕೆ ಗ್ರಂಥಮಾಲೆ ಕಂಡುಕೊಂಡ ಉಪಾಯ ಚಂದಾ ಪದ್ಧತಿ. ಓದುಗನು ವರ್ಷದ ಚಂದಾ ಹಣವನ್ನು ಮುಂಗಡವಾಗಿ ಕೊಡುತ್ತಾನೆ; ವರ್ಷದಲ್ಲಿ ಹೊರಬರುವ ಪುಸ್ತಕಗಳು ಅವನ ಮನೆಗೆ ಬರುತ್ತವೆ. ಮೇಲುನೋಟಕ್ಕೆ ಇದು ಬರಿಯ ವ್ಯವಹಾರದ ಮಾತು. ಸ್ವಲ್ಪ ಯೋಚಿಸಿದರೆ ಇದರೊಳಗಿನ ವಿಶ್ವಾಸ ಕಾಣುತ್ತದೆ. ಅಂಗಡಿಯಲ್ಲಿ ಪುಸ್ತಕ ಕೊಳ್ಳುವವನು ಲೇಖಕನ ಹೆಸರು ನೋಡಿ, ಹಾಳೆ ತಿರುವಿ, ಬೆಲೆ ಕೇಳಿ ಕೊಳ್ಳುತ್ತಾನೆ. ಹೆಸರಿಲ್ಲದ ಹೊಸಬನ ಪುಸ್ತಕವನ್ನು ಅವನು ಮುಟ್ಟುವುದು ಅಪರೂಪ. ಚಂದಾದಾರನಾದರೋ ಇನ್ನೂ ಅಚ್ಚಾಗದ, ಬಹುಶಃ ಇನ್ನೂ ಬರೆದು ಮುಗಿಯದ ಪುಸ್ತಕಕ್ಕೆ ಹಣ ಕೊಟ್ಟಿರುತ್ತಾನೆ. ಹಿರಿಯರ ಕೃತಿಯ ಜೊತೆಗೆ ಹೊಸಬನ ಕೃತಿಯೂ ಅವನ ಕೈಸೇರುತ್ತದೆ. ಹೀಗೆ ಯಾರೂ ಕೇಳರಿಯದ ಲೇಖಕನಿಗೆ ಪುಸ್ತಕ ಅಚ್ಚಾಗುವ ಮೊದಲೇ ಓದುಗರು ಸಿದ್ಧರಾಗಿರುತ್ತಿದ್ದರು.

ಶಂಕರ ಮೊಕಾಶಿ ಪುಣೇಕರರ 'ಗಂಗವ್ವ ಗಂಗಾಮಾಯಿ', ಶಾಂತಿನಾಥ ದೇಸಾಯಿಯವರ 'ಮುಕ್ತಿ' ಮೊದಲಾದ ಕಾದಂಬರಿಗಳು ಈ ಮಾಲೆಯಲ್ಲಿ ಬಂದವು. ಇಪ್ಪತ್ತೈದು ವರ್ಷಗಳು ತುಂಬಿದುದರ ನೆನಪಿಗೆ ಗ್ರಂಥಮಾಲೆಯು 'ನಡೆದು ಬಂದ ದಾರಿ' ಎಂಬ ಸಂಪುಟಗಳನ್ನು ಹೊರತಂದಿತು. ವಿಮರ್ಶಕ ಕೀರ್ತಿನಾಥ ಕುರ್ತಕೋಟಿಯವರು ಜಿ.ಬಿ.ಯವರಿಗೆ ಬಲಗೈಯಾಗಿ ನಿಂತರು. ಧಾರವಾಡದ ಸುಭಾಸ ರಸ್ತೆಯ ಕಟ್ಟಡವೊಂದರ ಮಾಳಿಗೆಯ ಮೇಲಿದ್ದ ಗ್ರಂಥಮಾಲೆಯ ಕಚೇರಿಗೆ 'ಅಟ್ಟ' ಎಂಬ ಹೆಸರು ಬಿದ್ದಿತು. ಮನೆಯಲ್ಲಿ ಅಟ್ಟವೆಂದರೆ ಬೇಡವಾದ ಸಾಮಾನುಗಳನ್ನು ಒಟ್ಟುವ ಜಾಗ. ಧಾರವಾಡದ ಈ ಅಟ್ಟಕ್ಕೆ ಮಾತ್ರ ಲೇಖಕರೂ ಓದುಗರೂ ಹತ್ತಿ ಬರುತ್ತಿದ್ದರು. ಅಲ್ಲಿ ಹರಟೆಗೂ ವಿಮರ್ಶೆಗೂ ನಡುವೆ ಗೋಡೆ ಇರಲಿಲ್ಲ.

ಆ ಅಟ್ಟದೊಡನೆ ನಂಟು ಬೆಳೆಸಿದವರಲ್ಲಿ ಗಿರೀಶ ಕಾರ್ನಾಡರೂ ಒಬ್ಬರು. ಇಂಗ್ಲಿಷ್ ಕವಿಯಾಗಬೇಕು, ಪರದೇಶದಲ್ಲಿ ಹೆಸರು ಪಡೆಯಬೇಕು ಎಂಬ ಹಂಬಲ ಅವರಿಗೆ ಹರೆಯದಲ್ಲಿ ಇತ್ತು. ಉನ್ನತ ವ್ಯಾಸಂಗಕ್ಕಾಗಿ ಇಂಗ್ಲೆಂಡಿಗೆ ಹೊರಡುವ ಸಿದ್ಧತೆಯಲ್ಲಿದ್ದಾಗ ಅವರೊಂದು ನಾಟಕ ಬರೆದರು. ಅದು ಹೊರಬಂದುದು ಕವಿತೆಯಾಗಿ ಅಲ್ಲ, ಇಂಗ್ಲಿಷಿನಲ್ಲಿಯೂ ಅಲ್ಲ, ಕನ್ನಡದಲ್ಲಿ. ಇದಕ್ಕೆ ಬರೆದವರೇ ಅಚ್ಚರಿಪಟ್ಟರು. ಆ ನಾಟಕವೇ 'ಯಯಾತಿ'. ಮನೋಹರ ಗ್ರಂಥಮಾಲೆ 1961ರಲ್ಲಿ ಅದನ್ನು ಪ್ರಕಟಿಸಿದಾಗ ಕಾರ್ನಾಡರು ಇಪ್ಪತ್ತಮೂರು ವರ್ಷದ ತರುಣರು, ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದರು. ಮೊದಲ ಕೃತಿಗೇ ಕನ್ನಡದ ಓದುಗರು ದೊರೆತ ಆ ತರುಣ ಮುಂದೆ ಊರಿಗೆ ಮರಳಿ ಕನ್ನಡದ ನಾಟಕಕಾರನಾಗಿಯೇ ಬೆಳೆದನು. 1964ರಲ್ಲಿ 'ತುಘಲಕ್' ಬಂದಿತು.

ಧಾರವಾಡದ ಈ ಬಳಗದಲ್ಲಿ ಬೆರೆತವರ ಪೈಕಿ ಬೇಂದ್ರೆ, ಗೋಕಾಕ, ಕಾರ್ನಾಡ ಈ ಮೂವರಿಗೂ ಜ್ಞಾನಪೀಠ ಪ್ರಶಸ್ತಿ ಬಂದುದನ್ನು ಎಲ್ಲರೂ ಬಲ್ಲರು. ಚಂದಾ ಹಣ ಕಳಿಸಿ ಟಪಾಲಿನವನ ದಾರಿ ಕಾದ ಓದುಗರ ಹೆಸರುಗಳು ಯಾವ ಪಟ್ಟಿಯಲ್ಲಿಯೂ ಇಲ್ಲ. ಅವರಲ್ಲಿ ಮಾಸ್ತರರಿದ್ದರು, ಕಾರಕೂನರಿದ್ದರು, ಮನೆಗೆಲಸ ಮುಗಿಸಿ ಮಧ್ಯಾಹ್ನ ಪುಸ್ತಕ ಹಿಡಿಯುವ ಗೃಹಿಣಿಯರಿದ್ದರು.

ಜಿ. ಬಿ. ಜೋಶಿಯವರು 1993ರಲ್ಲಿ ತೀರಿಕೊಂಡರು. ಅವರ ಮಗ ರಮಾಕಾಂತ ಜೋಶಿಯವರು ಗ್ರಂಥಮಾಲೆಯನ್ನು ನಡೆಸಿಕೊಂಡು ಬಂದರು. 'ಯಯಾತಿ' ಹೊರಬಂದ ಐವತ್ತು ವರ್ಷಗಳ ಮೇಲೆ, 2011ರಲ್ಲಿ, ಕಾರ್ನಾಡರು ತಮ್ಮ ಆತ್ಮಕಥೆ 'ಆಡಾಡತ ಆಯುಷ್ಯ'ವನ್ನು ಬರೆದು ಮುಗಿಸಿದರು. ದೇಶದ ಯಾವ ದೊಡ್ಡ ಪ್ರಕಾಶಕರಾದರೂ ಅದನ್ನು ಸಂತೋಷದಿಂದ ಅಚ್ಚು ಹಾಕುತ್ತಿದ್ದರು. ಅವರು ಹಸ್ತಪ್ರತಿಯನ್ನು ಕೊಟ್ಟುದು ಧಾರವಾಡದ ಅದೇ ಅಟ್ಟಕ್ಕೆ.