ವಿದ್ಯಾರ್ಥಿಗಳ ಸಂಗೀತ ಕಾರ್ಯಕ್ರಮಕ್ಕೆ ಪತ್ರಿಕೆ ಅಚ್ಚು ಮಾಡಿಸುವ ಬಗೆ

ಪುಷ್ಯ ಬಹುಳ ಪಂಚಮಿಯಂದು ತ್ಯಾಗರಾಜಸ್ವಾಮಿಗಳ ಆರಾಧನೆ, ಅದೇ ಮಾಸದ ಅಮಾವಾಸ್ಯೆಯಂದು ಪುರಂದರದಾಸರ ಆರಾಧನೆ. ಈ ಎರಡು ಪುಣ್ಯದಿನಗಳನ್ನು ನಿಮಿತ್ತವಾಗಿಟ್ಟುಕೊಂಡು ನಮ್ಮ ಸಂಗೀತ ಪಾಠಶಾಲೆಗಳವರು ತಮ್ಮ ವಿದ್ಯಾರ್ಥಿಗಳನ್ನು ವೇದಿಕೆಯ ಮೇಲೆ ಕೂರಿಸಿ ಹಾಡಿಸುವುದೂ, ಆ ಪ್ರಯುಕ್ತ ಒಂದು ಕಾರ್ಯಕ್ರಮ ಪತ್ರಿಕೆಯನ್ನು ಅಚ್ಚು ಹಾಕಿಸಿ ಬಂದವರಿಗೆ ಹಂಚುವುದೂ ಬಹುಕಾಲದಿಂದ ನಡೆದು ಬಂದ ವಾಡಿಕೆ. ಇಂಥ ಪತ್ರಿಕೆಗಳನ್ನು ನಾನು ಅನೇಕ ವರ್ಷಗಳಿಂದ ಕೂಡಿಡುತ್ತ ಬಂದಿದ್ದೇನೆ. ಅವುಗಳಲ್ಲಿ ದೋಷವಿಲ್ಲದವು ತೀರ ವಿರಳ. ಮಗುವಿನ ಪಾಲಿಗಾದರೋ, ತನ್ನ ಹೆಸರು ಒಂದು ರಾಗದ ಹೆಸರಿನೊಡನೆ, ಒಬ್ಬ ವಾಗ್ಗೇಯಕಾರರ ಹೆಸರಿನೊಡನೆ ಅಚ್ಚಿನಲ್ಲಿ ಕಾಣುವ ಮೊದಲ ಕಾಗದ ಇದು. ಮನೆಯವರು ಅದನ್ನು ಜೋಪಾನವಾಗಿಡುತ್ತಾರೆ. ಆದುದರಿಂದ ಅದರಲ್ಲಿ ಬಿದ್ದ ತಪ್ಪು ಅಂದಿನ ಸಂಜೆಗೆ ಮುಗಿಯತಕ್ಕದ್ದಲ್ಲ.

ಮೊದಲನೆಯ ಕೆಲಸ ವಿವರಗಳ ಸಂಗ್ರಹ. ಕಾರ್ಯಕ್ರಮಕ್ಕೆ ಮೂರು ವಾರವಿರುವಾಗಲೇ ಪ್ರತಿಯೊಬ್ಬ ವಿದ್ಯಾರ್ಥಿಯಿಂದಲೂ ಒಂದೊಂದು ಚೀಟಿಯನ್ನು ಬರೆಸಿಕೊಳ್ಳಬೇಕು. ಅದರಲ್ಲಿ ಅವನ ಹೆಸರು, ರಚನೆಯ ಮೊದಲ ಮಾತುಗಳು, ರಾಗ, ತಾಳ, ವಾಗ್ಗೇಯಕಾರರ ಹೆಸರು ಮತ್ತು ತಾನು ಹಾಡುವ ಶ್ರುತಿ ಇರತಕ್ಕದ್ದು. ಹೆಸರನ್ನು ಶಾಲೆಯ ಹಾಜರಿ ಪುಸ್ತಕದಿಂದ ಇಳಿಸಿಕೊಳ್ಳದೆ, ಮಗುವೂ ತಾಯಿತಂದೆಗಳೂ ಕನ್ನಡದಲ್ಲಿ ಹೇಗೆ ಬರೆಯುತ್ತಾರೋ ಹಾಗೆಯೇ ಬರೆಯಿಸಿಕೊಳ್ಳಿ.

ಎರಡನೆಯದು ಅನುಕ್ರಮ. ವರ್ಣದಿಂದ ತೊಡಗಿ ಕೃತಿಗಳಿಗೆ ಸಾಗಿ ದೇವರನಾಮಗಳಲ್ಲಿ ಇಳಿಯುವ, ಅರಿಯಕ್ಕುಡಿ ರಾಮಾನುಜ ಅಯ್ಯಂಗಾರ್ಯರಿಂದ ನೆಲೆಗೊಂಡಿತೆಂದು ಹೇಳಲಾಗುವ ಕಚೇರಿಯ ಕ್ರಮವು ಒಬ್ಬ ವಿದ್ವಾಂಸನ ಎರಡು ಮೂರು ಗಂಟೆಗಳ ಗಾಯನಕ್ಕೆ ಒಪ್ಪತಕ್ಕದ್ದೇ ಹೊರತು, ಇಪ್ಪತ್ತು ಮಂದಿ ಮಕ್ಕಳು ಒಬ್ಬರಾದ ಮೇಲೊಬ್ಬರು ಬಂದು ಹಾಡುವ ಸಭೆಗೆ ಅದನ್ನು ಹಾಗೆಯೇ ಹೊದಿಸಲಾಗದು. ಇಲ್ಲಿ ಪಾಠದ ಮೆಟ್ಟಿಲನ್ನೇ ಅನುಸರಿಸುವುದು ಲೇಸು: ಮಲಹರಿಯ ಪಿಳ್ಳಾರಿ ಗೀತೆಗಳನ್ನು ಕಲಿತ ಕಿರಿಯರೆಲ್ಲ ಒಟ್ಟಾಗಿ ಮೊದಲು, ಆಮೇಲೆ ಜತಿಸ್ವರ, ಸ್ವರಜತಿ, ವರ್ಣಗಳವರು, ಕಡೆಗೆ ಕೃತಿ ಹಾಡುವ ಹಿರಿಯ ವಿದ್ಯಾರ್ಥಿಗಳು. ಒಂದೊಂದು ಮೆಟ್ಟಿಲಿನೊಳಗೂ ಒಂದೇ ಶ್ರುತಿಯವರನ್ನು ಒತ್ತಟ್ಟಿಗೆ ತನ್ನಿ. ಐದೂವರೆ ಶ್ರುತಿಯಲ್ಲಿ ಹಾಡುವ ಹುಡುಗಿಯ ಬೆನ್ನಿಗೇ, ದನಿ ಒಡೆದು ಒಂದೂವರೆಗೆ ಇಳಿದ ಹುಡುಗನನ್ನು ಕೂರಿಸಿದರೆ ಮೃದಂಗದವರು ವಾದ್ಯವನ್ನೇ ಬದಲಿಸಬೇಕಾಗುತ್ತದೆ, ಪಿಟೀಲಿನವರು ತಂತಿಗಳನ್ನು ಮತ್ತೆ ಕೂಡಿಸಬೇಕಾಗುತ್ತದೆ. ಅಷ್ಟು ಹೊತ್ತೂ ಮಗು ವೇದಿಕೆಯ ಮೇಲೆ ಸುಮ್ಮನೆ ಕುಳಿತು ಅಧೈರ್ಯಗೊಳ್ಳುತ್ತದೆ. ಪತ್ರಿಕೆಯಲ್ಲಿ ಶ್ರುತಿಯನ್ನು ಅಚ್ಚು ಮಾಡಿಸಬೇಕಾದುದಿಲ್ಲ. ಆದರೆ ಪಕ್ಕವಾದ್ಯದವರ ಕೈಗೆ ಕೊಡುವ ಪ್ರತಿಯಲ್ಲಿ ಪ್ರತಿ ಹೆಸರಿನ ಮುಂದೆ ಅದನ್ನು ಕೈಬರಹದಲ್ಲಾದರೂ ಬರೆದಿಡಿ.

ಕಾಲದ ಲೆಕ್ಕವನ್ನೂ ಆಗಲೇ ಹಾಕತಕ್ಕದ್ದು. ಗೀತೆಗಳ ಒಂದು ಗುಂಪಿಗೆ ಐದು ನಿಮಿಷ, ಆರು ವರ್ಣಗಳಿಗೆ ತಲಾ ಆರರಂತೆ ಮೂವತ್ತಾರು, ಎಂಟು ಕೃತಿಗಳಿಗೆ ತಲಾ ಎಂಟರಂತೆ ಅರುವತ್ತನಾಲ್ಕು. ಒಟ್ಟು ನೂರ ಐದು ನಿಮಿಷವೆಂದು ನೆಮ್ಮದಿ ಪಡಬೇಡಿ. ಹದಿನೈದು ಸಲ ಏಳುವುದಕ್ಕೆ, ಕೂರುವುದಕ್ಕೆ, ಶ್ರುತಿ ಸೇರಿಸುವುದಕ್ಕೆ ಎರಡೆರಡು ನಿಮಿಷ ಹಿಡಿದರೂ ಇನ್ನೂ ಮೂವತ್ತು ಕೂಡಿ, ಎರಡೂಕಾಲು ಗಂಟೆ ತಪ್ಪದು. ಅತಿಥಿಗಳ ಭಾಷಣ ಈ ಲೆಕ್ಕದಲ್ಲಿ ಸೇರಿಲ್ಲ.

ಇನ್ನು ಅಚ್ಚಿನ ಸಾಲು. ಮಗುವಿನ ಹೆಸರನ್ನು ದಪ್ಪಕ್ಷರದಲ್ಲಿ ಎಡಗಡೆಗೂ, ಅದರ ಕೆಳಗಿನ ಸಾಲಿನಲ್ಲಿ ರಚನೆಯ ಹೆಸರು, ರಾಗ, ತಾಳ, ವಾಗ್ಗೇಯಕಾರ ಎಂಬ ಕ್ರಮದಲ್ಲಿ ಉಳಿದುದನ್ನೂ ಕೊಟ್ಟು, ಮೊದಲ ಸಾಲಿನಿಂದ ಕಡೆಯ ಸಾಲಿನವರೆಗೆ ಆ ಕ್ರಮ ಎಲ್ಲಿಯೂ ಹೆಚ್ಚುಕಡಮೆಯಾಗದಂತೆ ನೋಡಿಕೊಳ್ಳಿ. ಕೆಲವರು ಗೆರೆ ಹಾಕಿ ಕೋಷ್ಟಕ ಮಾಡಿಸುತ್ತಾರೆ. ಅಂಥವರು ರಾಗದ ಅಂಕಣದ ಅಗಲವನ್ನು ಪಟ್ಟಿಯಲ್ಲಿರುವ ಅತ್ಯಂತ ಉದ್ದನೆಯ ಹೆಸರಿಗೆ ಅಳೆದುಕೊಳ್ಳಬೇಕು. ಇಲ್ಲವಾದರೆ ಸ್ಥಳ ಸಾಲದೆಂದು ಅಕ್ಷರ ಜೋಡಿಸುವವರು ಹೆಸರನ್ನು ಮೊಟಕು ಮಾಡುತ್ತಾರೆ. ಹರಿಕಾಂಭೋಜಿಯ ತಲೆ ಕತ್ತರಿಸಿದರೆ ಉಳಿಯುವುದು ಕಾಂಭೋಜಿ. ಆನಂದಭೈರವಿಯನ್ನು ಕತ್ತರಿಸಿದರೆ ಭೈರವಿ. ಯಮುನಾಕಲ್ಯಾಣಿಯನ್ನು ಕತ್ತರಿಸಿದರೆ ಕಲ್ಯಾಣಿ. ಇವು ಒಂದೇ ಹೆಸರಿನ ಹ್ರಸ್ವರೂಪಗಳಲ್ಲ, ಬೇರೆ ಬೇರೆ ರಾಗಗಳು.

ನಾನು ಮುಖ್ಯವಾಗಿ ಹೇಳಬೇಕೆಂದು ಹೊರಟದ್ದು ವಾಗ್ಗೇಯಕಾರರ ಹೆಸರಿನ ವಿಷಯ. ಕನ್ನಡದ ಹಾಡಾದರೆ ಪುರಂದರದಾಸರದು, ತೆಲುಗಿನದಾದರೆ ತ್ಯಾಗರಾಜರದು, ಸಂಸ್ಕೃತವಾದರೆ ಮುತ್ತುಸ್ವಾಮಿ ದೀಕ್ಷಿತರದು ಎಂಬ ಊಹೆಯ ಮೇಲೆ ಹೆಸರು ತುಂಬಿಸಿಬಿಡುವ ಅಭ್ಯಾಸ ನಮ್ಮಲ್ಲಿ ಎಷ್ಟು ಬೇರೂರಿದೆಯೆಂದರೆ, ಅದು ಊಹೆಯೆಂಬ ಅರಿವೂ ತುಂಬಿಸುವವರಿಗೆ ಇರುವುದಿಲ್ಲ. ‘ಕೃಷ್ಣಾ ನೀ ಬೇಗನೆ ಬಾರೋ’ ಎಂಬುದು ವ್ಯಾಸರಾಯರ ಪದ. ಅದನ್ನು ಪುರಂದರದಾಸರದೆಂದು ಅಚ್ಚು ಮಾಡಿದ ಪತ್ರಿಕೆಗಳು ನನ್ನ ಕಟ್ಟಿನಲ್ಲಿ ಒಂದೆರಡಲ್ಲ. ಒಂದು ಪಾಠಶಾಲೆಯ ವಾರ್ಷಿಕೋತ್ಸವದಲ್ಲಿ ಅದನ್ನು ಬಹಳ ಮನೋಹರವಾಗಿ ಹಾಡಿದ ಒಬ್ಬ ಹುಡುಗಿ, ಹತ್ತು ವರ್ಷಗಳ ತರುವಾಯ ತಾನೇ ನಾಲ್ಕು ಮಕ್ಕಳಿಗೆ ಪಾಠ ಹೇಳುತ್ತಿದ್ದಾಗ, ಆ ಹಳೆಯ ಪತ್ರಿಕೆಯನ್ನು ನೋಡಿಕೊಂಡು ಅದೇ ತಪ್ಪನ್ನು ಮಕ್ಕಳ ಪುಸ್ತಕಕ್ಕೆ ಬರೆಯಿಸುತ್ತಿದ್ದುದನ್ನು ನಾನು ಕಣ್ಣಾರೆ ಕಂಡೆ. ‘ಬ್ರೋಚೇವಾರೆವರುರಾ’ ತೆಲುಗಿನ ಕೃತಿಯಾದುದರಿಂದಲೂ ರಾಮನನ್ನು ಕುರಿತದ್ದಾದುದರಿಂದಲೂ ತ್ಯಾಗರಾಜರ ಪಾಲಿಗೆ ಹೋಗುತ್ತದೆ. ಅದು ಮೈಸೂರು ವಾಸುದೇವಾಚಾರ್ಯರದು. ನಮ್ಮ ನಾಡಿನವರೇ ಆಗಿ, 1961ರವರೆಗೂ ಬಾಳಿದ ಆ ಹಿರಿಯರ ಕೃತಿಯನ್ನು ನಮ್ಮ ಮಕ್ಕಳ ಪತ್ರಿಕೆಯೇ ಇನ್ನೊಬ್ಬರಿಗೆ ಸಲ್ಲಿಸುವುದು ನನಗೆ ಸಹಿಸಲಾಗದ ಸಂಗತಿ. ‘ಭುವನೇಶ್ವರಿಯ’ ಎಂದು ತೊಡಗುವ ಮೋಹನಕಲ್ಯಾಣಿಯ ಕೃತಿ ಕನ್ನಡದ್ದಾದರೂ ದಾಸರದಲ್ಲ, ಮುತ್ತಯ್ಯ ಭಾಗವತರದು.

ಇದನ್ನು ಶೋಧಿಸುವುದು ಕಷ್ಟವಲ್ಲ. ರಚಿಸಿದವರೇ ತಮ್ಮ ಗುರುತನ್ನು ಹಾಡಿನೊಳಗೆ ಇಟ್ಟು ಹೋಗಿದ್ದಾರೆ. ಮಗುವಿನ ಪಾಠದ ಪುಸ್ತಕವನ್ನು ತರಿಸಿ, ಪಲ್ಲವಿಯನ್ನು ಬಿಟ್ಟು, ಕೊನೆಯ ಚರಣವನ್ನು ಓದಿ. ಗುರುಗುಹ ಎಂದಿದ್ದರೆ ದೀಕ್ಷಿತರು, ಶ್ಯಾಮಕೃಷ್ಣ ಎಂದಿದ್ದರೆ ಶ್ಯಾಮಾಶಾಸ್ತ್ರಿಗಳು, ಹರಿಕೇಶ ಎಂದಿದ್ದರೆ ಮುತ್ತಯ್ಯ ಭಾಗವತರು, ವಾಸುದೇವ ಎಂದಿದ್ದರೆ ವಾಸುದೇವಾಚಾರ್ಯರು, ಶ್ರೀವಿದ್ಯಾ ಎಂದಿದ್ದರೆ ಜಯಚಾಮರಾಜ ಒಡೆಯರು. ದಾಸರ ಪದಗಳಲ್ಲಿ ವಿಠಲನ ಹೆಸರು ಕಂಡೊಡನೆ ನಿಲ್ಲದೆ ಅದರ ಹಿಂದಿನ ಮಾತನ್ನು ನೋಡಬೇಕು: ಪುರಂದರವಿಠಲ ಪುರಂದರದಾಸರದು, ರಂಗವಿಠಲ ಶ್ರೀಪಾದರಾಯರದು, ವಿಜಯವಿಠಲ ವಿಜಯದಾಸರದು, ಜಗನ್ನಾಥವಿಠಲ ಜಗನ್ನಾಥದಾಸರದು. ಹಯವದನ ಎಂದಿದ್ದರೆ ವಾದಿರಾಜರು. ಕಾಗಿನೆಲೆಯಾದಿಕೇಶವ ಎಂದಿದ್ದರೆ ಕನಕದಾಸರು. ಸಮಯಾಭಾವದಿಂದ ಅಂಕಿತವಿರುವ ಚರಣವನ್ನೇ ಕಲಿಸದೆ ಬಿಟ್ಟಿರುವ ಪಾಠಗಳೂ ಉಂಟು. ಅಂಥಲ್ಲಿ ಮುದ್ರಿತ ಗ್ರಂಥವನ್ನೇ ತೆರೆಯಬೇಕು. ಆ ಚರಣವನ್ನು ಬಿಟ್ಟು ಹಾಡಿಸುವುದೇ ಸರಿಯಲ್ಲವೆಂಬುದು ನನ್ನ ಅಭಿಪ್ರಾಯ.

ವರ್ಣಗಳಲ್ಲಿ ಈ ಉಪಾಯ ಸಾಮಾನ್ಯವಾಗಿ ಫಲಿಸದು. ಅಲ್ಲಿ ಸಾಹಿತ್ಯ ಕಿರಿದು, ಮುದ್ರೆ ಅಪರೂಪ. ‘ನಿನ್ನುಕೋರಿ’ ಎಂದೇ ಮೊದಲಾಗುವ ವರ್ಣ ಮೋಹನದಲ್ಲೊಂದು, ವಸಂತದಲ್ಲೊಂದು ಇವೆ. ಮೊದಲನೆಯದು ರಾಮನಾಥಪುರಂ ಶ್ರೀನಿವಾಸ ಅಯ್ಯಂಗಾರ್ಯರದು, ಎರಡನೆಯದು ತಚ್ಚೂರು ಸಿಂಗರಾಚಾರ್ಯರದು. ಬರಿಯ ಮೊದಲ ಮಾತನ್ನು ನಂಬಿ ಹೆಸರು ಹಾಕಿದರೆ ಎಡವುವುದು ಇಲ್ಲಿಯೇ. ದಾಸರ ಪದಗಳ ರಾಗದ ವಿಷಯದಲ್ಲಿ ಮತ್ತೊಂದು ಮಾತು: ಅವನ್ನು ಒಬ್ಬೊಬ್ಬರು ಒಂದೊಂದು ರಾಗದಲ್ಲಿ ಹಾಡುವುದು ರೂಢಿಯಾದುದರಿಂದ, ಪುಸ್ತಕದಲ್ಲಿ ಏನಿದೆಯೆಂಬುದನ್ನು ಬಿಟ್ಟು ಮಗು ಅಂದು ಹಾಡುವ ರಾಗವನ್ನೇ ಅಚ್ಚು ಮಾಡಿಸಿ.

ಧಾರವಾಡ ಹುಬ್ಬಳ್ಳಿಗಳ ಕಡೆಯಲ್ಲಿ ಒಂದೇ ವೇದಿಕೆಯಲ್ಲಿ ಎರಡು ಪದ್ಧತಿಗಳ ಮಕ್ಕಳೂ ಹಾಡುವುದುಂಟು. ಅಲ್ಲಿ ಹಿಂದೂಸ್ತಾನಿ, ಕರ್ನಾಟಕ ಎಂದು ಶಿರೋನಾಮೆ ಕೊಟ್ಟು ಬೇರೆ ಮಾಡಬೇಕು. ಏಕೆಂದರೆ ಹಿಂದೂಸ್ತಾನಿಯ ಭೈರವಿಯ ಸ್ವರಗಳು ನಮ್ಮ ತೋಡಿಗೆ ಸಮೀಪ, ಹಿಂದೂಸ್ತಾನಿಯ ತೋಡಿ ನಮ್ಮ ಶುಭಪಂತುವರಾಳಿಗೆ ಸಮೀಪ. ಪದ್ಧತಿಯನ್ನು ಹೇಳದೆ ಹೆಸರನ್ನಷ್ಟೇ ಕೊಟ್ಟರೆ ಕೇಳುವವನು ಬೇರೊಂದನ್ನು ನಿರೀಕ್ಷಿಸುತ್ತಾನೆ.

ಸ್ಥಳ ಮುಗಿಯುತ್ತ ಬಂದುದರಿಂದ ಉಳಿದುದನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಎ4 ಹಾಳೆಯನ್ನು ಒಮ್ಮೆ ಮಡಿಸಿದರೆ ನಾಲ್ಕು ಪುಟಗಳಾಗುತ್ತವೆ; ಒಳಗಿನ ಎರಡು ಪುಟಗಳನ್ನು ಮಕ್ಕಳಿಗೇ ಮೀಸಲಿಡಿ, ಅತಿಥಿಗಳ ಹೆಸರುಗಳೂ ದಾನಿಗಳ ಹೆಸರುಗಳೂ ಹಿಂಬದಿಗೆ ಹೋಗಲಿ. ಪಕ್ಕವಾದ್ಯದವರ ಹೆಸರುಗಳು ಮಾತ್ರ ಒಳಪುಟದಲ್ಲಿಯೇ ಇರಬೇಕು. ಅಜ್ಜ ಅಜ್ಜಿಯರು ಸಭಾಂಗಣದ ಮಬ್ಬು ಬೆಳಕಿನಲ್ಲಿ ಓದಬೇಕಾದುದರಿಂದ ಅಕ್ಷರ 12 ಪಾಯಿಂಟಿಗೆ ಕಡಮೆಯಾಗಬಾರದು. ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗದಷ್ಟು ಅಂತರ ಬಿಡಿ. ಹೊಳೆಯುವ ಕಾಗದ ಬೇಡ. ‘ನುಡಿ’ ತಂತ್ರಾಂಶದಲ್ಲಿ ಜೋಡಿಸಿದ್ದನ್ನು ಯೂನಿಕೋಡಿಗೆ ತಿರುಗಿಸುವಾಗ ಒತ್ತುಗಳೂ ಅರ್ಕಾವತ್ತೂ ಸ್ಥಾನಪಲ್ಲಟವಾಗುವುದರಿಂದ, ಮುದ್ರಣಾಲಯಕ್ಕೆ ಪಿಡಿಎಫ್ ಪ್ರತಿಯನ್ನೇ ಕೊಡಿ. ಕರಡಚ್ಚನ್ನು ಕಾಗದದ ಮೇಲೆ ತೆಗೆಯಿಸಿ, ಒಬ್ಬರು ಚೀಟಿಗಳನ್ನು ಗಟ್ಟಿಯಾಗಿ ಓದುತ್ತಿರಲು ಇನ್ನೊಬ್ಬರು ತಿದ್ದಲಿ. ಗುರುಗಳು ಅದನ್ನು ಕಂಡು ರುಜು ಹಾಕುವವರೆಗೆ, ದಿನ ಎಷ್ಟೇ ಸಮೀಪಿಸಿದ್ದರೂ, ದಯಮಾಡಿ ಅಚ್ಚಿಗೆ ಒಪ್ಪಿಗೆ ಕೊಡಬೇಡಿ.