ಜೇಬಿನ ಚಾಕುವಿನ ಕ್ಲಿಪ್: ಒಂದು ಪುಟ್ಟ ಕ್ಯಾಂಟಿಲಿವರ್ ಪಾಠ

ಕಾರ್ಕಳದಿಂದ ಮಣಿಪಾಲಕ್ಕೆ ಬರುವ ಬಸ್ಸಿನಲ್ಲಿ ನಮ್ಮಲ್ಲೊಬ್ಬನ ಜೇಬಿನಿಂದ ಮಡಚುವ ಚಾಕು ಜಾರಿ ಸೀಟಿನ ಸಂದಿಗೆ ಬಿತ್ತು. ಬಿದ್ದ ಪೆಟ್ಟಿಗೆ ಅಲಗು ಸ್ವಲ್ಪ ತೆರೆದುಕೊಂಡಿತ್ತು. ನೋಡದೆ ಕೈ ಹಾಕಿದವನ ಬೆರಳಿಗೆ ಮೂರು ಹೊಲಿಗೆ ಬಿತ್ತು. ಚಾಕು ಒಳ್ಳೆಯದೇ, ಅಲಗೂ ಒಳ್ಳೆಯದೇ. ಕೈಕೊಟ್ಟದ್ದು ಜೇಬಿನ ಅಂಚಿಗೆ ಸಿಕ್ಕಿಸುವ ಆ ಸಣ್ಣ ಕ್ಲಿಪ್. ಯಾಕೆ ಹೀಗಾಯ್ತು ಎಂದು ಹುಡುಕುತ್ತಾ ಹೋದಾಗ ಎರಡನೇ ವರ್ಷದ ಪಾಠವೇ ಕೈಗೆ ಸಿಕ್ಕಿತು.

ಮಡಚುವ ಚಾಕು ಹಳೆಯದು, ಕ್ಲಿಪ್ ಹೊಸದು. 1981ರಲ್ಲಿ ಅಮೆರಿಕದ ಸ್ಪೈಡರ್ಕೋ ಕಂಪನಿಯ 'ವರ್ಕರ್' ಎಂಬ ಚಾಕು ಜೇಬಿನ ಕ್ಲಿಪ್ ಹೊತ್ತು ಬಂತು. ಅಲ್ಲಿಂದ ಮುಂದೆ ಬೇರೆಯವರೂ ಅದೇ ದಾರಿ ಹಿಡಿದರು. ಜೇಬಿನ ತಳದಲ್ಲಿ ಕೀಲಿ, ಚಿಲ್ಲರೆಯ ಜತೆ ಹೊರಳಾಡುತ್ತಿದ್ದ ಚಾಕು ಜೇಬಿನ ಬಾಯಿಗೆ ಬಂದು ನಿಂತಿತು.

ಲೆಕ್ಕ ಮಾಡಿ ನೋಡೋಣ

ಕ್ಲಿಪ್ ಎಂದರೆ ಒಂದು ತುದಿ ಸ್ಕ್ರೂನಿಂದ ಬಿಗಿದ, ಇನ್ನೊಂದು ತುದಿ ಬಿಟ್ಟ ಪಟ್ಟಿ. ಅಂದರೆ ಕ್ಯಾಂಟಿಲಿವರ್. ತುದಿಯನ್ನು ಬಾಗಿಸಿದರೆ ಅದು ಬಟ್ಟೆಯನ್ನು ಒತ್ತುವ ಬಲ:

ಬಲ = ಯಂಗ್ ಮಾಡ್ಯುಲಸ್ × ಅಗಲ × ದಪ್ಪ³ × ಬಾಗು ÷ (4 × ಉದ್ದ³)

ಉಕ್ಕಿನ ಯಂಗ್ ಮಾಡ್ಯುಲಸ್ ಸುಮಾರು 200 ಗಿಗಾಪಾಸ್ಕಲ್. ಕ್ಲಿಪ್ 45 ಮಿ.ಮೀ. ಉದ್ದ, 8 ಮಿ.ಮೀ. ಅಗಲ, 1 ಮಿ.ಮೀ. ದಪ್ಪ ಎಂದಿಟ್ಟುಕೊಳ್ಳಿ. ಖಾಲಿ ಇದ್ದಾಗಲೂ ತುದಿ ಹಿಡಿಕೆಯನ್ನು ಒತ್ತುತ್ತಲೇ ಇರುತ್ತದೆ. ಆ ಮುಂಗಡ ಬಾಗು 0.5 ಮಿ.ಮೀ. ಜೀನ್ಸಿನ ಅಂಚು 1 ಮಿ.ಮೀ. ಸೇರಿಸುತ್ತದೆ. ಒಟ್ಟು 1.5 ಮಿ.ಮೀ. ಬಲ ಸುಮಾರು 6.6 ನ್ಯೂಟನ್. ಬಟ್ಟೆಯ ಎರಡೂ ಬದಿಗೆ ಘರ್ಷಣೆ ಇದೆ. ಅದರ ಗುಣಾಂಕ 0.3 ಎಂದರೆ ಹಿಡಿತ ಸುಮಾರು 4 ನ್ಯೂಟನ್. ಚಾಕುವಿನ ತೂಕ 100 ಗ್ರಾಂ, ಅಂದರೆ 1 ನ್ಯೂಟನ್. ನಾಲ್ಕು ಪಟ್ಟು ಹಿಡಿತ. ಸಾಕು.

ಅದೇ ಕ್ಲಿಪ್ಪನ್ನು ಪಂಚೆಯ ಅಂಚಿಗೆ ಸಿಕ್ಕಿಸಿ. ಬಟ್ಟೆ 0.3 ಮಿ.ಮೀ. ಮಾತ್ರ. ಒಟ್ಟು ಬಾಗು 0.8, ಹಿಡಿತ ಸುಮಾರು 2 ನ್ಯೂಟನ್. ಸ್ಕೂಟರ್ ಒಂದು ದೊಡ್ಡ ಗುಂಡಿಗೆ ಇಳಿದರೆ ಚಾಕು ನೆಲಕ್ಕೆ! ಹಾಗಂತ ದಪ್ಪ ಹೆಚ್ಚಿಸೋಣ ಅಂದರೆ ಅಲ್ಲಿ ಘನ ಕೂತಿದೆ ಮಾರಾಯ್ರೆ. 1 ಮಿ.ಮೀ. ಇದ್ದದ್ದು 1.2 ಆದರೆ ಬಲ 1.73 ಪಟ್ಟು. ಚಾಕು ಬೀಳುವುದಿಲ್ಲ ನಿಜ, ಆದರೆ ಸುಲಭವಾಗಿ ಹೊರಗೂ ಬರುವುದಿಲ್ಲ, ಜೇಬಿನ ಅಂಚು ಬೇಗ ಸವೆಯುತ್ತದೆ.

ಕ್ಲಿಪ್ ಸಡಿಲವಾದದ್ದು ಹೇಗೆ?

ಆ ಗೆಳೆಯ ಚಾಕುವನ್ನು ದಿನವೂ ಬ್ಯಾಗಿನ ದಪ್ಪ ಪಟ್ಟಿಗೆ ಸಿಕ್ಕಿಸುತ್ತಿದ್ದ. ಆಗ ಬಾಗು 4 ಮಿ.ಮೀ. ಬುಡದಲ್ಲಿ ಹುಟ್ಟುವ ಒತ್ತಡಕ್ಕೂ ಸೂತ್ರವಿದೆ:

ಒತ್ತಡ = 3 × ಯಂಗ್ ಮಾಡ್ಯುಲಸ್ × ದಪ್ಪ × ಬಾಗು ÷ (2 × ಉದ್ದ²)

1.5 ಮಿ.ಮೀ. ಬಾಗಿಗೆ ಇದು 222 ಮೆಗಾಪಾಸ್ಕಲ್, 4 ಮಿ.ಮೀ. ಬಾಗಿಗೆ 593. ವರ್ಕ್‌ಶಾಪಿನಲ್ಲಿ ಸಿಗುವ ಮೆದು 304 ಸ್ಟೇನ್‌ಲೆಸ್ ತಗಡಿನ ಇಳುವರಿ ಬಲದ ಕನಿಷ್ಠ ಮಿತಿ ಸುಮಾರು 205. ಅದರಲ್ಲಿ ಕ್ಲಿಪ್ ಕತ್ತರಿಸಿದರೆ ಜೀನ್ಸಿಗೇ ಅಪಾಯದ ಗಡಿ. ಬ್ಯಾಗಿಗಂತೂ ಶಾಶ್ವತವಾಗಿ ಬಾಗುತ್ತದೆ. ಪೂರ್ತಿ ಗಟ್ಟಿಯಾಗುವಂತೆ ತಣ್ಣಗೆ ಉರುಳಿಸಿದ 301 ಉಕ್ಕಿನ ಇಳುವರಿ 965ರ ಆಸುಪಾಸು. ಇಲ್ಲಿ ನಾವೂ ಮೊದಲು ಎಡವಿದೆವು: ಗಟ್ಟಿ ಉಕ್ಕು ಹೆಚ್ಚು ಬಿಗಿ ಹಿಡಿಯುತ್ತದೆ ಅಂದುಕೊಂಡಿದ್ದೆವು. ಇಲ್ಲ. ಎರಡರ ಯಂಗ್ ಮಾಡ್ಯುಲಸ್ ಹೆಚ್ಚುಕಡಿಮೆ ಒಂದೇ, ಆದ್ದರಿಂದ ಮೊದಲ ದಿನದ ಹಿಡಿತವೂ ಒಂದೇ. ಆರು ತಿಂಗಳ ನಂತರ ಯಾವುದರ ಹಿಡಿತ ಉಳಿದಿದೆ ಎಂಬುದರಲ್ಲಿ ವ್ಯತ್ಯಾಸ.

ಟೈಟಾನಿಯಂ ಮಿಶ್ರಲೋಹದ ಮಾಡ್ಯುಲಸ್ ಸುಮಾರು 114, ಉಕ್ಕಿನ ಅರ್ಧಕ್ಕಿಂತ ತುಸು ಹೆಚ್ಚು. ಅದೇ ಹಿಡಿತ ಬೇಕಾದರೆ ಕ್ಲಿಪ್ ಸುಮಾರು 1.2 ಮಿ.ಮೀ. ದಪ್ಪ ಇರಬೇಕು.

ಬುಡದ ಸ್ಕ್ರೂಗಳನ್ನೂ ಮರೆಯಬಾರದು. ತುದಿಯ 6.6 ನ್ಯೂಟನ್ 45 ಮಿ.ಮೀ. ದೂರದಿಂದ ಮೀಟುತ್ತದೆ. ಎರಡು ಸ್ಕ್ರೂಗಳ ನಡುವೆ 6 ಮಿ.ಮೀ. ಅಂತರವಿದ್ದರೆ ಒಂದೊಂದರ ಮೇಲೂ 50 ನ್ಯೂಟನ್ ಆಸುಪಾಸು. ಕಾಪು, ಮಲ್ಪೆ ಕಡೆಯ ಉಪ್ಪುಗಾಳಿಯಲ್ಲಿ ತೇವ ಮೊದಲು ನಿಲ್ಲುವುದೂ ಕ್ಲಿಪ್ಪಿನ ಅಡಿಯ ಆ ಸಂದಿಯಲ್ಲೇ. ಹಿಡಿಕೆ ಅಲ್ಯೂಮಿನಿಯಂ, ಸ್ಕ್ರೂ ಸ್ಟೇನ್‌ಲೆಸ್ ಆದರೆ ಉಪ್ಪುನೀರಿನಲ್ಲಿ ಸವೆಯುವುದು ಅಲ್ಯೂಮಿನಿಯಂ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಬಿಚ್ಚಿ, ಸಿಹಿನೀರಲ್ಲಿ ತೊಳೆದು, ಒಣಗಿಸಿ, ಒಂದು ಹನಿ ಎಣ್ಣೆ ಹಾಕಿ.

ಮೊನೆ ಎತ್ತ?

ಕ್ಲಿಪ್ಪನ್ನು ಹಿಡಿಕೆಯ ಯಾವ ತುದಿಗೆ ಬಿಗಿದಿದೆ ಎಂಬುದರ ಮೇಲೆ, ಮಡಚಿದ ಅಲಗಿನ ಮೊನೆ ಜೇಬಿನಲ್ಲಿ ಮೇಲಕ್ಕೋ ಕೆಳಕ್ಕೋ ಇರುತ್ತದೆ. ಮೊನೆ ಮೇಲಿದ್ದರೆ ತೆಗೆದ ಕೂಡಲೇ ಬಿಡಿಸಬಹುದು. ಆದರೆ ಅಲಗು ಸಡಿಲವಾಗಿ ತೆರೆದುಕೊಂಡರೆ ಕೈ ಹಾಕುವ ಜಾಗದಲ್ಲೇ ಮೊನೆ ಕಾದಿರುತ್ತದೆ. ಅಲಗಿನ ಬೆನ್ನು ಜೇಬಿನ ಹಿಂದಿನ ಹೊಲಿಗೆಗೆ ಒತ್ತಿ ನಿಲ್ಲುವಂತೆ ಇಟ್ಟರೆ ಅದು ತೆರೆಯಲು ಜಾಗವೇ ಇಲ್ಲ. ಚಾಕು ಜೇಬಿನ ನಡುವೆ ತೂಗಾಡಬಾರದು.

ಊರಿನ ಕೊಕ್ಕೆ

ಈ ಲೆಕ್ಕವೆಲ್ಲ ಮುಗಿದ ಮೇಲೆ ಮನೆ ನೆನಪಾಯಿತು. ತೋಟಕ್ಕೆ ಹೊರಟ ಅಜ್ಜನ ಸೊಂಟದ ಹಗ್ಗದಲ್ಲಿ ಕೊಕ್ಕೆ, ಕೊಕ್ಕೆಯಲ್ಲಿ ಕತ್ತಿ. ಕೊಡಗಿನಲ್ಲಿ ಒಡಿಕತ್ತಿಯನ್ನು ಬೆನ್ನ ಹಿಂದೆ ಹಿಡಿಯುವ ತೊಡಂಗ್ ಇದೆ. ಮರ ಹತ್ತುವವರಿಗೆ, ಹೊರೆ ಹೊರುವವರಿಗೆ ಎರಡೂ ಕೈ ಖಾಲಿ ಬೇಕು. ಈ ಕೊಕ್ಕೆಗೆ ಸ್ಪ್ರಿಂಗ್ ಇಲ್ಲ, ಬಟ್ಟೆಯ ದಪ್ಪದ ಹಂಗಿಲ್ಲ. ಕತ್ತಿಯ ಭಾರವೇ ಅದನ್ನು ಕೆಳಗೆ ಕೂರಿಸುತ್ತದೆ, ತೆಗೆಯಬೇಕಾದರೆ ಎತ್ತಬೇಕು. ನಮ್ಮ ಕ್ಲಿಪ್ ಘರ್ಷಣೆಯಿಂದ ಹಿಡಿಯುತ್ತದೆ, ಕೊಕ್ಕೆ ಆಕಾರದಿಂದ ಹಿಡಿಯುತ್ತದೆ. ಘರ್ಷಣೆ ಬೆವರು, ಮಳೆ, ಸವೆತಕ್ಕೆಲ್ಲ ಬದಲಾಗುತ್ತದೆ; ಆಕಾರ ಅಷ್ಟು ಬೇಗ ಬದಲಾಗುವುದಿಲ್ಲ. ಆದರೆ ಕೊಕ್ಕೆಗೆ ನೆಟ್ಟಗೆ ನಿಂತ ಸೊಂಟ ಬೇಕು, ಬಸ್ಸಿನ ಸೀಟಿಗೆ ಅದು ಆಗದು. ಅಜ್ಜ ಕೂರುವ ಮೊದಲು ಕತ್ತಿ ತೆಗೆದು ಪಕ್ಕಕ್ಕಿಡುತ್ತಿದ್ದರು. ನಾವು ಚಾಕು ಜೇಬಲ್ಲೇ ಇಟ್ಟುಕೊಂಡು ಕೂತೆವು.

ನಿಮಗೊಂದು ಮನೆಗೆಲಸ

ಚಾಕು ಬೇಡ, ಪೆನ್ನಿನ ಕ್ಲಿಪ್ಪೇ ಸಾಕು. ಹಳೆ ಜೀನ್ಸಿನ ಅಂಚಿಗೆ ಸಿಕ್ಕಿಸಿ, ಸ್ಪ್ರಿಂಗ್ ತ್ರಾಸಿನಿಂದ ಮೆಲ್ಲಗೆ ಎಳೆಯಿರಿ. ಜಾರುವಾಗಿನ ಅಂಕಿಯನ್ನು ಬರೆದಿಟ್ಟು ಪೆನ್ನಿನ ತೂಕಕ್ಕೆ ಹೋಲಿಸಿ. ಬಟ್ಟೆ ಒದ್ದೆ ಮಾಡಿ ಇನ್ನೊಮ್ಮೆ ಎಳೆಯಿರಿ. ಕ್ಲಿಪ್ಪಿನ ಅಳತೆ ಹಾಕಿ ಮೇಲಿನ ಸೂತ್ರದ ಉತ್ತರದ ಜತೆ ತಾಳೆ ನೋಡಿ. ಚಾಕು ಇಟ್ಟುಕೊಂಡವರು ತಿಂಗಳಿಗೊಮ್ಮೆ ಇದನ್ನೇ ಮಾಡಿ, ಅಲಗು ಮಡಚಿಯೇ ಇರಲಿ. ಅಂಕಿ ಇಳಿಯುತ್ತಾ ಬಂದರೆ ಕ್ಲಿಪ್ ಬದಲಿಸಿ. ಅದಕ್ಕೆ ತಗಲುವ ಖರ್ಚು ಮೂರು ಹೊಲಿಗೆಗಿಂತ ಕಡಿಮೆ.