ಬಾಣಂತಿಗೆ ಸಿಕ್ಕ ಸಾಂತ್ವನ

ಸಹೋದರಿ, ಹೆರಿಗೆಯಾಗಿ ಎರಡು ತಿಂಗಳ ಮೇಲೆ ಕಪಾಟಿನಿಂದ ಹಳೆಯ ಉಡುಪು ತೆಗೆದು, ಅದು ಮೈಗೆ ಹಿಡಿಸದೆ, ಹಾಗೆಯೇ ಮಡಚಿಟ್ಟು ಕಣ್ಣೊರೆಸಿಕೊಂಡ ದಿನ ನಿಮಗೂ ಬಂದಿರಬಹುದು. ಜೋತುಬಿದ್ದ ಹೊಟ್ಟೆ, ಅದರ ಮೇಲೆ ಗೆರೆಗಳು, ಬಾಚಣಿಗೆ ತುಂಬ ಕೂದಲು. ಮಗುವನ್ನು ನೋಡಲು ಬಂದವರು ತಾಯಿಯನ್ನೂ ಮೇಲಿಂದ ಕೆಳಗೆ ನೋಡಿ, "ಎಷ್ಟು ದಪ್ಪ ಆಗಿದ್ದೀಯಲ್ಲಾ!" ಎಂದುಬಿಡುತ್ತಾರೆ. ಮಗುವಿಗಾಗಿ ಅಲ್ಲಾಹನಿಗೆ ಕೃತಜ್ಞಳಾಗಿರಬೇಕಾದವಳು ಕನ್ನಡಿಯ ಮುಂದೆ ಅಳುವುದೇ ಎಂಬ ಅಪರಾಧ ಭಾವವೂ ಸೇರಿದರೆ ದುಃಖ ಇಮ್ಮಡಿಯಾಗುತ್ತದೆ.

ಪವಿತ್ರ ಕುರ್‌ಆನಿನ 19ನೇ ಅಧ್ಯಾಯದ 23ರಿಂದ 26ರವರೆಗಿನ ಸೂಕ್ತಗಳನ್ನು ಈ ದೃಷ್ಟಿಯಿಂದ ಒಮ್ಮೆ ಓದಿ ನೋಡಿ. ಹೆರಿಗೆ ನೋವು ಮರ್ಯಮ್(ಅ)ರನ್ನು ಖರ್ಜೂರದ ಮರದ ಬುಡಕ್ಕೆ ತಂದಿತು. ಇದಕ್ಕೆ ಮೊದಲೇ ಸತ್ತುಹೋಗಿದ್ದರೆ ಚೆನ್ನಾಗಿತ್ತು ಎಂದು ಅವರು ಮರುಗಿದರು. ಸಿಕ್ಕ ಉತ್ತರವೇನು? ಗದರಿಕೆಯಿಲ್ಲ, ತಾಳ್ಮೆಗೆಟ್ಟೆ ಎಂಬ ಆಕ್ಷೇಪವಿಲ್ಲ. ದುಃಖಿಸಬೇಡ ಎಂಬ ಮಾತು ಮೊದಲು. ಆಮೇಲೆ ಕೆಳಗೆ ಹರಿಯುವ ನೀರು, ಮರದಿಂದ ಉದುರುವ ತಾಜಾ ಖರ್ಜೂರ. ತಿನ್ನಲು, ಕುಡಿಯಲು, ಕಣ್ಣು ತಂಪಾಗಿಸಿಕೊಳ್ಳಲು ಆಜ್ಞೆ. ಎದುರಾದ ಜನರಿಗೆ ವಿವರಣೆ ಕೊಡುವ ಹೊರೆಯನ್ನೂ ಆ ದಿನ ಅವರ ಮೇಲೆ ಹಾಕಲಿಲ್ಲ. ಅವರ ಸಂಕಟದ ಕಾರಣ ಬೇರೆ, ಸ್ಥಾನವೂ ಬೇರೆ. ಆದರೆ ಹೆತ್ತ ದೇಹಕ್ಕೆ ಮೊದಲು ಏನು ಸಲ್ಲಬೇಕು ಎಂಬುದು ಅಲ್ಲಿ ಸ್ಪಷ್ಟವಾಗಿದೆ.

ನಮ್ಮ ಎಷ್ಟೋ ಮನೆಗಳಲ್ಲಿ ನಡೆಯುವುದು ಇದಕ್ಕೆ ವಿರುದ್ಧ. ಹೊಟ್ಟೆ ಬರುತ್ತದೆಂದು ಬಾಣಂತಿಗೆ ನೀರನ್ನೇ ಅಳೆದು ಕೊಡುತ್ತಾರೆ! ನೀರಿನಿಂದ ಹೊಟ್ಟೆ ಬೆಳೆಯುವುದಿಲ್ಲ. ಹಾಲೂಡಿಸುವವಳಿಗೆ ನೀರು ಹೆಚ್ಚೇ ಬೇಕು. ಸುಮಾರು 60 ಗ್ರಾಂ ಇದ್ದ ಗರ್ಭಕೋಶ ದಿನ ತುಂಬುವಾಗ ಒಂದು ಕಿಲೋದಷ್ಟಾಗಿರುತ್ತದೆ. ಅದು ಹಿಂದಿನ ಗಾತ್ರಕ್ಕೆ ಇಳಿಯಲು ಆರು ವಾರ ಹಿಡಿಯುತ್ತದೆ. ಹೊಟ್ಟೆಯ ಸ್ನಾಯುಗಳಿಗೆ ಇನ್ನೂ ಹಲವು ತಿಂಗಳು ಬೇಕು. ಗರ್ಭಿಣಿಯಾಗಿದ್ದಾಗ ಉದುರದೆ ನಿಂತ ಕೂದಲು ಕೆಲವು ತಿಂಗಳ ಬಳಿಕ ಒಟ್ಟಿಗೆ ಉದುರುತ್ತದೆ. ಸಾಮಾನ್ಯವಾಗಿ ವರ್ಷದೊಳಗೆ ಸರಿಹೋಗುತ್ತದೆ. ಗೆರೆಗಳು ಮಾಸುತ್ತವೆ, ಪೂರ್ತಿ ಅಳಿಯುವುದಿಲ್ಲ. ಅಳಿಸುತ್ತೇವೆಂದು ಮಾರುವ ಕ್ರೀಮುಗಳಿಗೆ ಹಣ ಸುರಿಯಬೇಡಿ.

ನಿಫಾಸ್‌ನ ದಿನಗಳಲ್ಲಿ ನಮಾಝ್‌ಗೇ ವಿನಾಯಿತಿಯಿದೆ. ಅವನ್ನು ಆಮೇಲೆ ಪೂರೈಸಬೇಕಾಗಿಯೂ ಇಲ್ಲ. ಸೃಷ್ಟಿಕರ್ತನೇ ಹೀಗೆ ಹೊರೆ ಇಳಿಸಿರುವಾಗ, ಮೊದಲಿನಂತಾಗಲು ನಿಮಗೆ ನೀವೇ ಗಡುವು ಹಾಕಿಕೊಳ್ಳುವುದೇಕೆ? ದೇಹಕ್ಕೂ ನಿಮ್ಮ ಮೇಲೆ ಹಕ್ಕಿದೆಯೆಂದು ಪ್ರವಾದಿ(ಸ) ಕಲಿಸಿದ್ದಾರೆ. ವೈದ್ಯರು ಒಪ್ಪಿದ ಮೇಲೆ ನಡೆಯಿರಿ, ವ್ಯಾಯಾಮ ಮಾಡಿರಿ. ಆದರೆ ಆ ಹಕ್ಕನ್ನು ಸಲ್ಲಿಸಲಿಕ್ಕಾಗಿ, ದೇಹವನ್ನು ಶಿಕ್ಷಿಸಲಿಕ್ಕಲ್ಲ.

ಪತಿಯಂದಿರೂ ಇದನ್ನು ಓದಲಿ. ಒಂದು ಪ್ರಯಾಣದಲ್ಲಿ ಪ್ರವಾದಿ(ಸ) ಮತ್ತು ಆಯಿಶಾ(ರ) ಓಟದ ಪಂದ್ಯ ಮಾಡಿದರು, ಆಯಿಶಾ(ರ) ಗೆದ್ದರು. ಮುಂದೆ ಅವರ ಮೈ ತುಂಬಿಕೊಂಡ ಮೇಲೆ ಮತ್ತೆ ಪಂದ್ಯವಾಯಿತು. ಆಗ ಪ್ರವಾದಿ(ಸ) ಗೆದ್ದು, ಅಂದಿನ ಸೋಲಿಗೆ ಇದು ಸರಿಹೋಯಿತು ಎಂದರು. ಅದು ಹೆರಿಗೆಯ ಸಂದರ್ಭವಲ್ಲ, ಆಯಿಶಾ(ರ)ರಿಗೆ ಮಕ್ಕಳಿರಲಿಲ್ಲ. ಆದರೆ ತುಂಬಿದ ಮೈಯನ್ನು ಅಲ್ಲಿ ಯಾರೂ ಹಂಗಿಸಲಿಲ್ಲ, ಆಟ ನಿಲ್ಲಲಿಲ್ಲ. ಮಗುವನ್ನು ನೋಡಲು ಹೋಗುವ ಮಹಿಳೆಯರು 49ನೇ ಅಧ್ಯಾಯದ 11ನೇ ಸೂಕ್ತವನ್ನು ಓದಿ ಹೋಗಲಿ. ಪರಸ್ಪರ ಅಪಹಾಸ್ಯ ಮಾಡಬಾರದೆಂಬ ಆದೇಶದಲ್ಲಿ ಸ್ತ್ರೀಯರನ್ನು ಪ್ರತ್ಯೇಕವಾಗಿಯೇ ಹೆಸರಿಸಲಾಗಿದೆ.

ಇನ್ನೊಂದು ಮಾತು. ಹೆರಿಗೆಯ ಮೊದಲ ದಿನಗಳಲ್ಲಿ ಕಾರಣವಿಲ್ಲದೆ ಅಳು ಬರುವುದು ಸಾಮಾನ್ಯ. ಎರಡು ವಾರ ಕಳೆದರೂ ಅದು ಹೋಗದಿದ್ದರೆ, ಮಗು ಮಲಗಿದಾಗಲೂ ನಿದ್ದೆ ಬಾರದಿದ್ದರೆ, ಮಗುವಿನ ಮೇಲೆ ಮನಸ್ಸೇ ಹೋಗದಿದ್ದರೆ, ಅದು ಈಮಾನಿನ ಕೊರತೆಯಲ್ಲ, ಕಾಯಿಲೆ. ಅದಕ್ಕೆ ಚಿಕಿತ್ಸೆಯಿದೆ, ಹಾಲೂಡಿಸುತ್ತಿರುವಾಗಲೂ ಸೇವಿಸಬಹುದಾದ ಔಷಧಗಳಿವೆ. ಸಾಯುವ ಯೋಚನೆಯೋ ಮಗುವಿಗೆ ಏನಾದರೂ ಮಾಡಿಬಿಡುವ ಯೋಚನೆಯೋ ಬಂದರೆ ಮನೆಯವರು ಆಕೆಯನ್ನು ಒಂಟಿಯಾಗಿ ಬಿಡದೆ ಅಂದೇ ವೈದ್ಯರ ಬಳಿಗೆ ಕರೆದೊಯ್ಯಲಿ.